429 ಕೋಟಿ ಮೀರಿದ ಸಂಖ್ಯೆಯನ್ನು ಕೈಲೆಕ್ಕದಲ್ಲೇ ಒಡೆಯುವುದು ಹೇಗೆ?

2ರ 32ನೆಯ ಘಾತಕ್ಕೆ ಒಂದನ್ನು ಕೂಡಿದರೆ 4,29,49,67,297 ಬರುತ್ತದೆ. ಫ್ರಾನ್ಸಿನ ಗಣಿತಜ್ಞ ಫರ್ಮಾ ಅವರು 1640ರಲ್ಲಿ, 2ರ 1, 2, 4, 8, 16ನೆಯ ಘಾತಗಳಿಗೆ ಒಂದೊಂದನ್ನು ಕೂಡಿದರೆ ಬರುವ 3, 5, 17, 257, 65537 ಎಂಬ ಅವಿಭಾಜ್ಯಗಳ ಸಾಲನ್ನು ಗಮನಿಸಿ, ಅದರಲ್ಲಿ ಮುಂದೆ ಬರುವ ಈ ಸಂಖ್ಯೆಯೂ ಅವಿಭಾಜ್ಯವೇ ಎಂದು ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಅವರು ಇದಕ್ಕೆ 641 ಎಂಬ ಅಪವರ್ತನವಿದೆ ಎಂದು ತೋರಿಸಿದರು. ಕಾಗದ ಮತ್ತು ಪೆನ್ಸಿಲ್ ಇದ್ದರೆ ನಾವೂ ಅದನ್ನು ಕಂಡುಕೊಳ್ಳಬಹುದು.

ನೇರವಾಗಿ ಭಾಗಿಸುತ್ತ ಹೋಗುವುದು ವ್ಯರ್ಥ ಶ್ರಮ. ಈ ಸಂಖ್ಯೆಯ ವರ್ಗಮೂಲ 65536ಕ್ಕಿಂತ ತುಸುವೇ ಹೆಚ್ಚು. ಅಲ್ಲಿಯವರೆಗೆ 6542 ಅವಿಭಾಜ್ಯ ಸಂಖ್ಯೆಗಳಿವೆ. ಆದ್ದರಿಂದ ಯಾವುದರಿಂದ ಭಾಗಿಸಬೇಕೆಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು.

ನಮ್ಮ ಸಂಖ್ಯೆಯನ್ನು 'ಪ' ಎಂಬ ಅವಿಭಾಜ್ಯವು ಭಾಗಿಸುತ್ತದೆ ಎಂದುಕೊಳ್ಳಿ. ಆಗ 2ರ 32ನೆಯ ಘಾತವನ್ನು ಪ-ದಿಂದ ಭಾಗಿಸಿದರೆ ಶೇಷ −1 (ಅಂದರೆ ಪೂರ್ತಿ ಭಾಗವಾಗಲು ಒಂದು ಕಡಿಮೆ), ಅದನ್ನು ವರ್ಗ ಮಾಡಿದರೆ, ಅಂದರೆ 64ನೆಯ ಘಾತದಲ್ಲಿ, ಶೇಷ 1. ಅದಕ್ಕಿಂತ ಚಿಕ್ಕ ಘಾತದಲ್ಲಿ ಶೇಷ 1 ಬರುವಂತಿಲ್ಲ, ಏಕೆಂದರೆ ಹಾಗೆ ಮೊದಲ ಬಾರಿ 1 ಬರುವ ಘಾತವು 64ನ್ನು ಭಾಗಿಸಲೇಬೇಕು, 64ಕ್ಕಿಂತ ಚಿಕ್ಕದಾದ ಅಂಥ ಘಾತಗಳೆಲ್ಲ 32ನ್ನೂ ಭಾಗಿಸುವುದರಿಂದ 32ನೆಯ ಘಾತದಲ್ಲೂ 1 ಬರಬೇಕಾಗುತ್ತಿತ್ತು. ಇತ್ತ, (ಪ−1)ನೆಯ ಘಾತದಲ್ಲಿ ಶೇಷ 1 ಬರುತ್ತದೆ ಎಂಬುದು ಫರ್ಮಾ ಅವರದೇ ಪ್ರಮೇಯ. ಆದ್ದರಿಂದ ಪ−1 ಎಂಬುದು 64ರಿಂದ ಭಾಗವಾಗಲೇಬೇಕು. ಫರ್ಮಾ ಅವರ ನಂಬಿಕೆಯನ್ನು ಅಳಿಸಿಹಾಕುವ ಆಯುಧ ಅವರ ಕೈಯಲ್ಲೇ ಇತ್ತು ಎಂಬುದು ಗಣಿತದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿಗಳಲ್ಲಿ ಒಂದು.

ಈಗ 64ರ ಮಗ್ಗಿಗೆ ಒಂದೊಂದನ್ನು ಕೂಡುತ್ತ ಬನ್ನಿ: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ.

ಪರೀಕ್ಷಿಸುವಾಗ ಹತ್ತು ಅಂಕಿಯ ಸಂಖ್ಯೆಯನ್ನು ಮುಟ್ಟಬೇಕಾಗಿಲ್ಲ. ಶೇಷವನ್ನಷ್ಟೇ ಇಟ್ಟುಕೊಂಡು ವರ್ಗ ಮಾಡುತ್ತ ಹೋದರೆ ಸಾಕು. 193ನ್ನು ತೆಗೆದುಕೊಳ್ಳಿ. 2ರ 8ನೆಯ ಘಾತ 256, ಶೇಷ 63. ಅದರ ವರ್ಗ 3969, ಶೇಷ 109. ಅದರ ವರ್ಗ 11881, ಶೇಷ 108. ಒಂದನ್ನು ಕೂಡಿದರೆ 109, ಸೊನ್ನೆಯಲ್ಲ. 257, 449, 577 ಕೂಡ ಇದೇ ರೀತಿ ಬಿದ್ದುಹೋಗುತ್ತವೆ. 641ರ ಸರದಿಯಲ್ಲಿ 16ನೆಯ ಘಾತವಾದ 65536ಕ್ಕೆ ಶೇಷ 154. ಅದರ ವರ್ಗ 23716, 641ರ 37 ಪಟ್ಟಾದರೋ 23717. ಒಂದೇ ಒಂದು ಕಡಿಮೆ! ಆ ಒಂದನ್ನು ಕೂಡಿದೊಡನೆ ಶೇಷ ಸೊನ್ನೆಯಾಗುತ್ತದೆ.

ಭಾಗಲಬ್ಧ 67,00,417. ಇದರ ಅಪವರ್ತನಗಳೂ ಅದೇ ನಿಯಮಕ್ಕೆ ಒಳಪಡುವುದರಿಂದ, ಇದರ ವರ್ಗಮೂಲವಾದ ಸುಮಾರು 2588ರವರೆಗೆ 64ರ ಮಗ್ಗಿಯನ್ನೇ ಮುಂದುವರಿಸಿ ನೋಡಿದರೆ ಇದು ಅವಿಭಾಜ್ಯವೆಂಬುದು ಖಚಿತವಾಗುತ್ತದೆ. 641ನ್ನು ಮಾತ್ರ ಇನ್ನೊಮ್ಮೆ ಪರೀಕ್ಷಿಸುವುದನ್ನು ಮರೆಯಬಾರದು.

ಇನ್ನೊಂದು ಗುಣವನ್ನೂ ಲೆಕ್ಕ ಹಾಕಿ ನೋಡಬಹುದು. ಫರ್ಮಾ ಅವರ ಸಾಲಿನ ಮೊದಲ ಐದು ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿದರೆ 4,29,49,67,295 ಬರುತ್ತದೆ, ನಮ್ಮ ಸಂಖ್ಯೆಗಿಂತ ಸರಿಯಾಗಿ ಎರಡು ಕಡಿಮೆ. ಹಾಗಾಗಿ ಆ ಐದರಲ್ಲಿ ಯಾವುದರಿಂದ ಭಾಗಿಸಿದರೂ ನಮ್ಮ ಸಂಖ್ಯೆಗೆ ಶೇಷ 2 ಉಳಿಯುತ್ತದೆ.