ಕೊನೆಯ ಬೆಂಚಿನ ಉಯಿಲು ಬರೆಯುವ ಕ್ರಮ

ನಮ್ಮ ಕಡೆಯ ಕಾಲೇಜುಗಳ ಬೀಳ್ಕೊಡುಗೆ ಸಮಾರಂಭದಲ್ಲಿ ಏನೇನು ಇರುತ್ತದೆ ಎಂಬುದನ್ನು ಸಭಾಂಗಣದೊಳಕ್ಕೆ ಕಾಲಿಡದೆಯೇ ಹೇಳಿಬಿಡಬಹುದು. ಪ್ರಾರ್ಥನೆ, ಸ್ವಾಗತ, ಅತಿಥಿಗಳ ಮುಗಿಯದ ಭಾಷಣ, ಅನಿಸಿಕೆ ಹೇಳಲು ಬಂದು ಮೂರನೆಯ ವಾಕ್ಯಕ್ಕೇ ಕಣ್ಣೊರೆಸಿಕೊಳ್ಳುವ ಒಬ್ಬ ವಿದ್ಯಾರ್ಥಿನಿ, ಕೊನೆಗೆ ಊಟ. ಮಂಡ್ಯದ ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನಗೆ ಈ ಕ್ರಮದ ಮೇಲೆ ದೂರೇನೂ ಇಲ್ಲ. ಆದರೆ ಕೆಲವು ವರ್ಷಗಳಿಂದ ನಮ್ಮ ಅಂತಿಮ ವರ್ಷದವರು ಊಟಕ್ಕೆ ಮೊದಲಿನ ಅರ್ಧ ಗಂಟೆಯಲ್ಲಿ ‘ಉಯಿಲು’ ಓದತೊಡಗಿದ ಮೇಲೆ, ಸಭೆಯಲ್ಲಿ ಹಿಂದಿನ ಸಾಲಿನವರೂ ಎದ್ದುಹೋಗದೆ ಕೂರುತ್ತಿದ್ದಾರೆ. ಓದು ಮುಗಿಸಿ ಹೊರಡುವವರು ತಮ್ಮ ಅಭ್ಯಾಸ, ಚಾಳಿ, ನೆಪ, ಜಾಣತನಗಳನ್ನು ಆಸ್ತಿಯೆಂದೇ ಭಾವಿಸಿ, ಹಿಂದೆ ಉಳಿಯುವ ಕಿರಿಯರ ಹೆಸರಿಗೆ ಬರೆದುಕೊಡುವ ಹಾಸ್ಯಪತ್ರ ಇದು. ಇದನ್ನು ತಮ್ಮಲ್ಲಿಯೂ ಮಾಡಬೇಕೆಂದು ಕೇಳಿದ ಮೈಸೂರಿನ ಕೆಲವು ವಿದ್ಯಾರ್ಥಿಗಳಿಗಾಗಿ ಅದರ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಈ ಪದ್ಧತಿ ಹುಟ್ಟಿದ್ದು ನಮ್ಮಲ್ಲಲ್ಲ. ಅಮೆರಿಕದ ಹೈಸ್ಕೂಲು, ಕಾಲೇಜುಗಳಲ್ಲಿ ‘ಕ್ಲಾಸ್ ಡೇ’ ಎಂಬ ದಿನದಂದು ತರಗತಿಯ ಚರಿತ್ರೆ, ತರಗತಿಯ ಭವಿಷ್ಯವಾಣಿ ಮತ್ತು ತರಗತಿಯ ಉಯಿಲು ಎಂಬ ಬರಹಗಳನ್ನು ಓದುವ ರೂಢಿ 20ನೇ ಶತಮಾನದ ಆರಂಭದ ಹೊತ್ತಿಗೇ ಬೇರುಬಿಟ್ಟಿತ್ತು. ಅವು ಆ ವರ್ಷದ ಸಂಚಿಕೆಯಲ್ಲಿ ಅಚ್ಚಾಗುತ್ತಲೂ ಇದ್ದವು. ನಮ್ಮಲ್ಲಿ ಆ ಜಾಗದಲ್ಲಿ ಇದ್ದದ್ದು, ಅನೇಕ ಕಡೆ ಈಗಲೂ ಇರುವುದು, ‘ಫಿಶ್ ಪಾಂಡ್’. ಒಂದು ಡಬ್ಬಿ ಇಡುತ್ತಾರೆ, ಅದರೊಳಗೆ ಯಾರು ಬೇಕಾದರೂ ಹೆಸರು ಹಾಕದೆ ಯಾರ ಮೇಲೆ ಬೇಕಾದರೂ ಚೀಟಿ ಬರೆದು ಹಾಕುತ್ತಾರೆ, ನಿರೂಪಕ ಅದನ್ನು ಗಟ್ಟಿಯಾಗಿ ಓದುತ್ತಾನೆ. ನಾನು ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ನನ್ನ ಗೆಳೆಯನೊಬ್ಬನ ಬಳಿ ಇದ್ದದ್ದು ಎರಡೇ ಅಂಗಿ. ಫಿಶ್ ಪಾಂಡ್‌ನಲ್ಲಿ ಆ ಅಂಗಿಗಳ ಮೇಲೆ ಒಂದು ಚೀಟಿ ಬಂತು, ಸಭೆ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಅವನು ಊಟಕ್ಕೆ ನಿಲ್ಲಲಿಲ್ಲ. ಬರೆದವರು ಯಾರೆಂಬುದು ಇಂದಿಗೂ ತಿಳಿದಿಲ್ಲ. ಚೀಟಿಗೆ ರುಜು ಇರಲಿಲ್ಲವಲ್ಲ.

ಉಯಿಲಿಗೆ ರುಜು ಬೇಕು. ಇಡೀ ಕಲೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ: ಉಯಿಲಿನಲ್ಲಿ ಬರೆದವನು ತನ್ನದನ್ನೇ ಕೊಡುವುದರಿಂದ ನಗೆಯ ಪೆಟ್ಟು ಮೊದಲು ಅವನ ಬೆನ್ನಿಗೇ ಬೀಳಬೇಕು. ಕೆಳಗಿನ ಹೆಜ್ಜೆಗಳೆಲ್ಲ ಇದಕ್ಕೆ ಹೊಂದಿಕೊಂಡೇ ಇವೆ.

ಮೊದಲ ಹೆಜ್ಜೆ: ಆಸ್ತಿಯ ಪಟ್ಟಿ

ಸಮಾರಂಭಕ್ಕೆ ಎರಡು ವಾರ ಮೊದಲೇ ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಒಂದರ ಮೇಲೆ ‘ಸ್ವಯಾರ್ಜಿತ’ ಎಂದೂ ಇನ್ನೊಂದರ ಮೇಲೆ ‘ಪಿತ್ರಾರ್ಜಿತ’ ಎಂದೂ ಬರೆದುಕೊಳ್ಳಿ. ನೀವೇ ಸಂಪಾದಿಸಿದ ಚಾಳಿಗಳು ಮೊದಲಿನದಕ್ಕೆ, ಹಿಂದಿನ ವರ್ಷದ ಅಣ್ಣ ಅಕ್ಕಂದಿರಿಂದ ಬಂದವು ಎರಡನೆಯದಕ್ಕೆ. ಪಹಣಿ, ಪೋಡಿ, ಖಾತೆಗಳ ಮಾತನ್ನು ಮನೆಯ ಜಗಲಿಯ ಮೇಲೆ ಕೇಳುತ್ತಲೇ ಬೆಳೆದ ನಮ್ಮ ಜಿಲ್ಲೆಯ ಮಕ್ಕಳಿಗೆ ಈ ವಿಂಗಡಣೆಯನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿಯೇ. ‘ನನ್ನ ಸೋಮಾರಿತನವನ್ನು ಕೊಡುತ್ತೇನೆ’ ಎಂದು ಬರೆದರೆ ಯಾರೂ ನಗುವುದಿಲ್ಲ, ಏಕೆಂದರೆ ಸೋಮಾರಿತನ ಎಲ್ಲರ ಬಳಿಯೂ ಇದೆ. ನಿಮ್ಮ ಸೋಮಾರಿತನ ಯಾವ ದಿನ, ಯಾವ ಮಾತಿನಲ್ಲಿ, ಯಾವ ಅಧ್ಯಾಪಕರ ಎದುರಿಗೆ ಹೊರಬಿತ್ತು ಎಂಬುದನ್ನು ಹಿಡಿಯಬೇಕು. ನಮ್ಮ ವಿದ್ಯಾರ್ಥಿಯೊಬ್ಬ ಬರೆದದ್ದನ್ನು ನೋಡಿ:

“ತರಗತಿಗೆ ತಡವಾಗಿ ಬಂದಾಗಲೆಲ್ಲ ನಾನು ಮೂರು ವರ್ಷ ಬಳಸಿದ, ಈಗಲೂ ಸುಸ್ಥಿತಿಯಲ್ಲಿರುವ ‘ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು ಸಾರ್’ ಎಂಬ ಒಂದು ಕಾರಣವನ್ನು, ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಬಳಸಕೂಡದೆಂಬ ಷರತ್ತಿಗೆ ಒಳಪಟ್ಟು, ಕಾಲೇಜಿನ ಗೇಟಿನಿಂದ ಇನ್ನೂರು ಹೆಜ್ಜೆ ದೂರದಲ್ಲಿ ಮನೆಯಿದ್ದರೂ ದಿನವೂ ತಡವಾಗಿ ಬರುವ ಎರಡನೇ ವರ್ಷದ ತಮ್ಮನಿಗೆ ಬರೆದುಕೊಟ್ಟಿರುತ್ತೇನೆ. ಈ ಷರತ್ತನ್ನು ಮೀರಿ ನಾನು ಸಿಕ್ಕಿಬಿದ್ದ ವಿಷಯ ಸಾಕ್ಷಿಗಳಿಗೆ ತಿಳಿದಿದೆ.”

ಇಲ್ಲಿ ಪಡೆದವನೂ ಸ್ವಲ್ಪ ಸಿಕ್ಕಿಬಿದ್ದಿದ್ದಾನೆ, ನಿಜ. ಆದರೆ ಕೊಟ್ಟವನು ಅವನಿಗಿಂತ ಮೊದಲು, ಅವನಿಗಿಂತ ಹೆಚ್ಚು ಸಿಕ್ಕಿಬಿದ್ದಿದ್ದಾನೆ. ಟ್ರ್ಯಾಕ್ಟರ್ ಬದಲು ಬೇರೆ ಊರಿನವರಿಗೆ ಬೇರೆ ಆಸ್ತಿ ಇರುತ್ತದೆ. ಹನಕೆರೆ, ಪಾಂಡವಪುರ, ಶ್ರೀರಂಗಪಟ್ಟಣಗಳಿಂದ ರೈಲು ಪಾಸಿನಲ್ಲಿ ಓಡಾಡುವವರು ಸಿಗ್ನಲ್ ಸಿಗದೆ ರೈಲು ನಿಂತ ಕಥೆಯನ್ನು ಬರೆಯಬಹುದು. ಮೈಸೂರಿನವರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ‘ಓದಿಕೊಳ್ಳಲು’ ಹೋಗಿ ಪುಸ್ತಕವನ್ನು ತಲೆಯಡಿಗೆ ಇಟ್ಟುಕೊಂಡು ನಿದ್ರಿಸಿದ ಮಧ್ಯಾಹ್ನಗಳನ್ನು ಬರೆಯಬಹುದು. ಪ್ರತಿ ಸೆಮಿಸ್ಟರ್‌ನಲ್ಲೂ ಶುಲ್ಕ ಕಟ್ಟುವ ಕೊನೆಯ ದಿನವೇ, ಅದನ್ನು ಕಟ್ಟುವ ಜಾಲತಾಣವಾದ ಯುಯುಸಿಎಂಎಸ್‌ನ ಪಾಸ್‌ವರ್ಡ್ ಮರೆಯುವ ಗುಣವನ್ನಂತೂ ಕಳೆದ ವರ್ಷ ನಾಲ್ವರು ಬರೆದು ತಂದಿದ್ದರು. ಅದನ್ನು ಅವಿಭಕ್ತ ಆಸ್ತಿಯೆಂದು ಘೋಷಿಸಿ ಒಟ್ಟಾಗಿ ಕೊಡಿಸಬೇಕಾಯಿತು.

ಅಧ್ಯಾಪಕರ ಅಭ್ಯಾಸಗಳು ನಿಮ್ಮ ಆಸ್ತಿಯಲ್ಲ. ನಿಮ್ಮದಲ್ಲದ್ದನ್ನು ಉಯಿಲಿನಲ್ಲಿ ಕೊಡಲು ಬರುವುದಿಲ್ಲ. ಪ್ರತಿ ವಾಕ್ಯದ ಕೊನೆಗೆ ‘ಎಂಬಲ್ಲಿಗೆ’ ಎನ್ನುವ ನನ್ನ ಚಟವನ್ನು ಒಬ್ಬಳು ಬರೆದುಕೊಟ್ಟಾಗ ನಾನು ನಕ್ಕೆನಾದರೂ, ಮರುದಿನದಿಂದ ಒಂದು ತಿಂಗಳು ತರಗತಿಯಲ್ಲಿ ವಾಕ್ಯ ಮುಗಿಸುವುದೇ ಕಷ್ಟವಾಯಿತು.

ಎರಡನೆಯ ಹೆಜ್ಜೆ: ವಾರಸುದಾರರು

ಒಬ್ಬರು ಎರಡು ಬಾಬ್ತುಗಳಿಗಿಂತ ಹೆಚ್ಚು ಬರೆಯದಿರುವುದು ಒಳ್ಳೆಯದು. ಒಂದನ್ನು ಆ ಗುಣ ಈಗಾಗಲೇ ಮೊಳಕೆಯೊಡೆದಿರುವ ಕಿರಿಯರಿಗೂ, ಇನ್ನೊಂದನ್ನು ಅದರ ಗಂಧವೇ ಇಲ್ಲದವರಿಗೂ ಕೊಟ್ಟರೆ ಓದುವಾಗ ಏರಿಳಿತ ಬರುತ್ತದೆ. ಒಂದು ದಿನವೂ ತರಗತಿ ತಪ್ಪಿಸದ ಹುಡುಗಿಗೆ ‘ಒಂದೇ ಒಂದು ಮಧ್ಯಾಹ್ನದ ಗೈರುಹಾಜರಿ, ಎಂದಾದರೂ ಬಳಸಿಕೊಳ್ಳತಕ್ಕದ್ದು’ ಎಂದು ಬರೆದುಕೊಟ್ಟಾಗ ಅವಳ ಮುಖದಲ್ಲಿ ಮೂಡಿದ ನಗು ನನಗೆ ಇನ್ನೂ ನೆನಪಿದೆ.

ಕೊಡಬಾರದ್ದು ಯಾವುದು ಎಂಬುದನ್ನು ಮಾತ್ರ ಖಚಿತವಾಗಿ ಹೇಳಬೇಕು. ಮೈಬಣ್ಣ, ದೇಹದ ಆಕಾರ, ಜಾತಿ, ಊರಿನ ಮಾತು, ಬಟ್ಟೆ, ಬಡತನ, ಪ್ರೇಮಪ್ರಕರಣ, ಅನುತ್ತೀರ್ಣವಾದ ವಿಷಯಗಳು ಉಯಿಲಿನೊಳಗೆ ಬರಕೂಡದು. ಇದು ನನ್ನ ಮಡಿವಂತಿಕೆಯಲ್ಲ. ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ಹೊರಡಿಸಿದ ನಿಯಮಾವಳಿಗೆ 2016ರಲ್ಲಿ ಮಾಡಿದ ತಿದ್ದುಪಡಿಯು ಬಣ್ಣ, ಜಾತಿ, ರೂಪ, ಪ್ರದೇಶ, ಭಾಷೆ, ಆರ್ಥಿಕ ಹಿನ್ನೆಲೆಗಳನ್ನು ಹಿಡಿದು ಸಹವಿದ್ಯಾರ್ಥಿಯನ್ನು ಮಾನಸಿಕವಾಗಿ ಹಿಂಸಿಸುವುದನ್ನೂ ರ‍್ಯಾಗಿಂಗ್ ಎಂದೇ ಪರಿಗಣಿಸುತ್ತದೆ. ಅನುಮಾನ ಬಂದಾಗ ಆ ಸಾಲಿನಲ್ಲಿ ಪಡೆಯುವವರ ಹೆಸರನ್ನು ಅಳಿಸಿ ನಿಮ್ಮ ತಂಗಿಯ ಹೆಸರನ್ನು ಬರೆದು, ಆಕೆ ಸಭೆಯಲ್ಲಿ ಕುಳಿತಿದ್ದಾಳೆ ಎಂದುಕೊಂಡು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದರೆ ಆ ಸಾಲನ್ನು ಹೊಡೆದುಹಾಕಿ.

ಯಾರ ಹೆಸರೂ ಬಿಟ್ಟುಹೋಗಬಾರದು. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುವ ಕಿರಿಯರು ಪ್ರತಿ ತರಗತಿಯಲ್ಲೂ ಹತ್ತಾರು ಜನ ಇರುತ್ತಾರೆ. ಹಾಜರಿ ಪುಸ್ತಕದ ಪ್ರತಿಯನ್ನು ಮುಂದಿಟ್ಟುಕೊಂಡು, ಹೆಸರು ಬಂದವರಿಗೆ ಗುರುತು ಹಾಕುತ್ತಾ ಹೋಗಿ, ಉಳಿದವರನ್ನು ಅಂತಿಮ ವರ್ಷದವರು ಹಂಚಿಕೊಳ್ಳಬೇಕು. ಅವರ ಬಗ್ಗೆ ಏನೂ ತಿಳಿದಿಲ್ಲವಾದರೆ ಹೋಗಿ ಮಾತನಾಡಿಸಿ. ಅದಕ್ಕೇ ಎರಡು ವಾರ ಬೇಕು ಎಂದದ್ದು.

ಮೂರನೆಯ ಹೆಜ್ಜೆ: ಪತ್ರದ ಭಾಷೆ

ಹಾಸ್ಯ ಹುಟ್ಟುವುದು ಕ್ಷುಲ್ಲಕ ವಿಷಯವನ್ನು ಗಂಭೀರ ಭಾಷೆಯಲ್ಲಿ ಹೇಳಿದಾಗ. ಆದ್ದರಿಂದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿಗೆ ಕೂರುವ ಪತ್ರಬರಹಗಾರರ ಕನ್ನಡವನ್ನು ಎರವಲು ಪಡೆಯಿರಿ. ಆ ಭಾಷೆಗೆ ಒಂದು ಗತ್ತಿದೆ. “ನಾನು ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಪ್ರೇರಣೆಗೂ ಒಳಗಾಗದೆ, ನನ್ನ ಸ್ವಇಚ್ಛೆಯಿಂದ ಬರೆಸಿಟ್ಟ ಉಯಿಲಿನ ಕ್ರಮವೇನೆಂದರೆ” ಎಂದು ಆರಂಭಿಸಿದರೆ ಸಭೆ ಆಗಲೇ ಕಿವಿ ನಿಮಿರಿಸುತ್ತದೆ. ಸ್ಥಿರಾಸ್ತಿಯಿದ್ದರೆ ಚಕ್ಕುಬಂದಿ ಹಾಕಲೇಬೇಕು: “ಕೊಠಡಿ ಸಂಖ್ಯೆ 7ರ ಕೊನೆಯ ಬೆಂಚು, ಪೂರ್ವಕ್ಕೆ ಗಾಳಿ ಬರುವ ಕಿಟಕಿ, ಪಶ್ಚಿಮಕ್ಕೆ ತಪ್ಪಿಸಿಕೊಳ್ಳಲು ಯೋಗ್ಯವಾದ ಹಿಂಬಾಗಿಲು, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಅಧ್ಯಾಪಕರ ಕಣ್ಣಿಗೆ ಅಡ್ಡವಾಗಿರುವ ಕಂಬ. ಋಣಭಾರ: ಕ್ಯಾಂಟೀನ್‌ನಲ್ಲಿ 340 ರೂಪಾಯಿ ಬಾಕಿ.” ಕೊನೆಯಲ್ಲಿ ಬರೆದುಕೊಟ್ಟವರ ರುಜು, ಬರೆದವರ ಬಿಕ್ಕಲಂ (ಪತ್ರವನ್ನು ಕೈಯಾರೆ ಬರೆದವರ ಸಹಿ), ಇಬ್ಬರು ಸಾಕ್ಷಿಗಳ ರುಜು. ಇಬ್ಬರೇ ಏಕೆಂದರೆ, ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 63ನೇ ಕಲಂ ಕೇಳುವುದು ಕನಿಷ್ಠ ಇಬ್ಬರನ್ನು.

ಆ ಕಾಯ್ದೆಯ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ನಿಜವಾದ ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬಿಳಿಯ ಹಾಳೆಯೇ ಸಾಕು. ಎಸ್ಸೆಸ್ಸೆಲ್ಸಿ ಮಕ್ಕಳು ಅಪ್ರಾಪ್ತರಾದ್ದರಿಂದ ಅವರ ಉಯಿಲಿಗೆ ಕಾನೂನಿನ ಬಲ ಹೇಗೂ ಇಲ್ಲ, ಆದರೆ ಪದವಿ ವಿದ್ಯಾರ್ಥಿಗಳು 18 ದಾಟಿದವರು. ಇಬ್ಬರು ಸಾಕ್ಷಿಗಳ ಎದುರು ರುಜು ಹಾಕಿದ ಹಾಳೆಯಲ್ಲಿ ‘ನನ್ನ ಬೈಕನ್ನು’, ‘ನಮ್ಮಪ್ಪನ ಅರ್ಧ ಎಕರೆ ಗದ್ದೆಯನ್ನು’ ಎಂದೆಲ್ಲ ತಮಾಷೆಗೂ ಬರೆಯಬೇಡಿ. ಗದ್ದೆಯ ವಿಷಯದಲ್ಲಿ ಮಂಡ್ಯದಲ್ಲಿ ಯಾರೂ ತಮಾಷೆ ಮಾಡುವುದಿಲ್ಲ.

ನಾಲ್ಕನೆಯ ಹೆಜ್ಜೆ: ಶಾಪಾಶಯ

ಇಲ್ಲಿ ನಾವು ಅಮೆರಿಕದವರಿಗಿಂತ ಮುಂದಿದ್ದೇವೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೊಟ್ಟದ್ದನ್ನು ಕೆಡಿಸಿದವರಿಗೆ ಶಾಪ ಹಾಕುವ ಸಾವಿರ ವರ್ಷಗಳ ಅಭ್ಯಾಸ ನಮ್ಮ ದಾನಶಾಸನಗಳಿಗಿದೆ. ದತ್ತಿಯನ್ನು ಕೆಡಿಸಿದವರು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವರು ಎಂಬ ಸಾಲನ್ನು ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 949–50ರ ಶಾಸನವಂತೂ ಇನ್ನೂ ಸ್ವಾರಸ್ಯದ್ದು. ಮಣಲೇರನೆಂಬ ವೀರ ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತಾಗ, ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟುವುದೆಂದೂ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಪಾಠದಲ್ಲಿ ಇದನ್ನು ಹೇಳಿದಾಗ ಆಕಳಿಸುತ್ತಿದ್ದವರೇ ಉಯಿಲು ಬರೆಯುವಾಗ ಅದನ್ನು ನೆನಪಿಸಿಕೊಂಡು ಹೀಗೆ ಬರೆದರು:

“ಈ ಬೆಂಚನ್ನು ಮೊದಲ ಸಾಲಿಗೆ ಎಳೆದವರು, ಪರೀಕ್ಷೆಯ ಬೆಳಿಗ್ಗೆ ಹಾಲ್ ಟಿಕೆಟನ್ನು ಮನೆಯ ಟಿವಿಯ ಮೇಲೆ ಮರೆತು ಬಂದ ಪಾಪಕ್ಕೆ ಹೋಗುವರು. ಇದನ್ನು ಕಾಪಾಡಿದವರಿಗೆ ಸೂರ್ಯಚಂದ್ರರಿರುವವರೆಗೂ ಕೊನೆಯ ಪೀರಿಯಡ್ ಬಿಡುವಾಗಿರಲಿ.”

ಶಾಪ ಎರಡು ಸಾಲು ಮೀರಬಾರದು, ಅಷ್ಟೆ.

ಐದನೆಯ ಹೆಜ್ಜೆ: ಓದುವುದು

ಎಲ್ಲ ಪತ್ರಗಳನ್ನೂ ಮೂರು ದಿನ ಮೊದಲು ಇಬ್ಬರು ಓದಿ ನೋಡಲಿ. ಅವರಲ್ಲಿ ಒಬ್ಬರು ಕಿರಿಯ ತರಗತಿಯವರೇ ಆಗಿರಲಿ. ಸಭೆಯಲ್ಲಿ ಬರೆದವರೇ ನಿಂತು ಓದಬೇಕು, ನಿರೂಪಕರ ಕೈಗೆ ಕೊಡಬಾರದು. ಒಬ್ಬರಿಗೆ ಒಂದೂವರೆ ನಿಮಿಷ ಸಾಕು. ಪಡೆಯುವವರನ್ನು ವೇದಿಕೆಗೆ ಕರೆದು ಗುರುತಿಗಾಗಿ ಏನಾದರೂ ಕೈಗೆ ಕೊಡಿ: ಸವೆದ ಡಸ್ಟರ್, ಕಡ್ಡಿ ಮುರಿದ ಕೊಡೆ, ಹಳೆಯ ಬಸ್ ಪಾಸಿನ ಪ್ಲಾಸ್ಟಿಕ್ ಕವಚ. ದುಡ್ಡು ಖರ್ಚು ಮಾಡಿ ತಂದ ವಸ್ತು ಬೇಡ. ಬೇಡವೆನ್ನುವ ಹಕ್ಕು ವಾರಸುದಾರರಿಗೆ ಇದ್ದೇ ಇದೆ. ಒಬ್ಬ ಹುಡುಗ “ಈ ಆಸ್ತಿ ನನ್ನ ಬಳಿ ಮೊದಲೇ ಇದೆ, ಬೇರೆ ಯಾರಾದರೂ ಬಡವರಿಗೆ ಕೊಡಿ ಅಣ್ಣ” ಎಂದು ಹಿಂದಿರುಗಿಸಿದಾಗ ಬಿದ್ದ ಚಪ್ಪಾಳೆ ಬರೆದವನಿಗೂ ಬಿದ್ದಿರಲಿಲ್ಲ.

ಓದಿದ ಮೇಲೆ ಪತ್ರಗಳನ್ನು ಒಂದು ಕಡತದಲ್ಲಿ ಹೊಲಿದು ವಿಭಾಗದಲ್ಲಿ ಇಡಿ. ‘ಪಿತ್ರಾರ್ಜಿತ’ ಎಂಬ ಕಲಮಿಗೆ ಅರ್ಥ ಬರುವುದು ಆ ಕಡತದಿಂದಲೇ. ನಮ್ಮ ಕಡತದ ಮೊದಲ ವರ್ಷದ ಪತ್ರಗಳಲ್ಲಿ, ನಾಗಮಂಗಲ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ಗೇಟು ತೆರೆಯುವ ಮೊದಲೇ ಕಾಲೇಜು ತಲಪುತ್ತಿದ್ದ ಹುಡುಗಿಯೊಬ್ಬಳದೂ ಇದೆ. ತಾನು ಒಬ್ಬಳೇ ಕುಳಿತು ಬುತ್ತಿ ಬಿಚ್ಚುತ್ತಿದ್ದ ಕಲ್ಲುಬೆಂಚನ್ನು, ಪೂರ್ವಕ್ಕೆ ಹೊಂಗೆಯ ಮರ, ಪಶ್ಚಿಮಕ್ಕೆ ಸೈಕಲ್ ಸ್ಟ್ಯಾಂಡ್, ಉತ್ತರಕ್ಕೆ ಗ್ರಂಥಾಲಯದ ಗೋಡೆ, ದಕ್ಷಿಣಕ್ಕೆ ನೀರಿನ ತೊಟ್ಟಿ ಎಂದು ಚಕ್ಕುಬಂದಿ ಹಾಕಿ, ಅದೇ ಬಸ್ಸಿಗೆ ಬರುತ್ತಿದ್ದ, ತಾನು ಅಲ್ಲಿಯವರೆಗೆ ಮಾತನಾಡಿಸಿರದ ಮೊದಲ ವರ್ಷದ ಹುಡುಗಿಗೆ ಬರೆದುಕೊಟ್ಟಿದ್ದಳು. ಎರಡು ವರ್ಷದ ಮೇಲೆ ಆ ಹುಡುಗಿ ತನ್ನ ಉಯಿಲಿನಲ್ಲಿ ಅದೇ ಬೆಂಚನ್ನು ‘ಪಿತ್ರಾರ್ಜಿತ’ದ ಕೆಳಗೆ ಬರೆದಳು. ಈ ವರ್ಷ ಅದು ಮೂರನೆಯ ಕೈಗೆ ಹೋಗಿದೆ. ಚಕ್ಕುಬಂದಿಯಲ್ಲಿ ಮಾತ್ರ ನೀರಿನ ತೊಟ್ಟಿಯಿಲ್ಲ, ಬೇಸಿಗೆಯಲ್ಲಿ ಅದನ್ನು ಕೆಡವಿದರು.