ನೆಕ್ಸ್ಟ್, ನೆಕ್ಸ್ಟ್ ಒತ್ತಿದ ಮೇಲೆ ಒಳಗೆ ಆಗುವುದೇನು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಭೈರುಂಬೆ ಕಡೆಯ ನಿವೃತ್ತ ಮಾಸ್ತರೊಬ್ಬರು ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು, ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದರು. ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತ ನನಗೆ ಹದಿಮೂರು ವರ್ಷ ಆಯಿತು. ಬಾಗಿಲಲ್ಲಿ ನಿಂತವರ ಮುಖ ನೋಡಿದರೆ ಹಾರ್ಡ್ ಡಿಸ್ಕ್ ಹೋಗಿದೆಯೋ, ಬರೀ ಚಾರ್ಜರ್ ಕೈಕೊಟ್ಟಿದೆಯೋ ಎಂದು ಅಂದಾಜಾಗುತ್ತದೆ. ಮಾಸ್ತರ ಮುಖದಲ್ಲಿ ಇದ್ದದ್ದು ಬೇರೆ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗಿದ್ದರು.

‘ತಮಾ, ಆನು ಎಂತದೂ ಮಾಡಿದ್ನಿಲ್ಲೆ ನೋಡು’ ಎಂದು ಶುರು ಮಾಡಿದರು. ತಾವು ಕಲಿಸಿದ ಶಾಲೆಯ ನೆನಪಿನ ಪುಸ್ತಕವನ್ನು ‘ನುಡಿ’ ತಂತ್ರಾಂಶದಲ್ಲಿ ನೂರಾ ನಲವತ್ತು ಪುಟ ಟೈಪ್ ಮಾಡಿದ್ದರು. ಪ್ರೆಸ್ಸಿನವರು ಪಿಡಿಎಫ್ ಕೇಳಿದ್ದಾರೆ. ಹುಡುಕಿ ಒಂದು ಉಚಿತ ಪಿಡಿಎಫ್ ತಂತ್ರಾಂಶ ಇಳಿಸಿಕೊಂಡಿದ್ದಾರೆ. ಅಂದಿನಿಂದ ಬ್ರೌಸರ್ ತೆರೆದರೆ ಗುರುತಿಲ್ಲದ ಹುಡುಕಾಟದ ಪುಟ, ಮೂಲೆಯಲ್ಲಿ ಐದೈದು ನಿಮಿಷಕ್ಕೆ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂಬ ಚೀಟಿ, ಒಂದು ಫೈಲ್ ತೆರೆಯಲು ಎರಡು ನಿಮಿಷ. ಮೊದಲು ತೋರಿಸಿದ ಕಡೆ ‘ವೈರಸ್ಸು, ಫಾರ್ಮ್ಯಾಟ್ ಹೊಡಿಬೇಕು’ ಎಂದರಂತೆ. ಪುಸ್ತಕ ಹೋದೀತೆಂದು ಹೆದರಿ ಇಲ್ಲಿಗೆ ತಂದಿದ್ದರು.

ಆ ದಿನ ನಾನು ಮಾಡಿದ ಕೆಲಸ ಅರ್ಧಂಬರ್ಧ. ಪುಸ್ತಕವನ್ನು ಪೆನ್‌ಡ್ರೈವಿಗೆ ಹಾಕಿ, ಬ್ರೌಸರಿನಲ್ಲಿದ್ದ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಅಂಟಿಕೊಂಡು ಓಡುವ ಪುಟ್ಟ ತಂತ್ರಾಂಶ) ತೆಗೆದು, ಹೋಮ್ ಪೇಜ್ ಸರಿಮಾಡಿ, ಪಟ್ಟಿಯಲ್ಲಿ ಕಂಡ ಒಂದು ‘ಕ್ಲೀನರ್’ ಅಳಿಸಿ ಕೊಟ್ಟುಬಿಟ್ಟೆ. ಮೂರನೇ ದಿನ ಮಾಸ್ತರು ಅದೇ ಕೊಟ್ಟೆಯೊಂದಿಗೆ ಮತ್ತೆ ಬಂದರು. ಎಲ್ಲವೂ ವಾಪಸ್ ಬಂದಿತ್ತು. ‘ಬಂದಳಿಕೆಯ ಮೇಲೆ ಮೇಲೆ ಕಡಿದ್ರೆ ಹೋಗ್ತಿಲ್ಲೆ, ತಮಾ’ ಎಂದರು. ತೋಟ ಇರುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮಾವಿನ ಕೊಂಬೆಗೆ ಹಿಡಿದ ಬಂದಳಿಕೆ ಮರವನ್ನು ತಕ್ಷಣ ಕೊಲ್ಲುವುದಿಲ್ಲ, ಅದರ ರಸ ಕುಡಿದುಕೊಂಡು ಇರುತ್ತದೆ. ಕಂಡ ಎಲೆ ಸವರಿದರೆ ಮತ್ತೆ ಚಿಗುರುತ್ತದೆ. ಬೇರು ಕೊಂಬೆಯೊಳಗೆ ಇಳಿದ ಜಾಗದಿಂದಲೂ ಕೆಳಗೆ ಕಡಿಯಬೇಕು. ಆ ಜಾಗ ಎಲ್ಲಿದೆ ಎಂದು ನೋಡದೇ ಇನ್ನು ಬಿಡುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ.

ಇಂಥ ತಂತ್ರಾಂಶಕ್ಕೆ ಆಂಟಿವೈರಸ್ ಕಂಪನಿಗಳು ಇಟ್ಟ ಹೆಸರು ಪಿಯುಪಿ, ಮೈಕ್ರೋಸಾಫ್ಟಿನವರು ಕರೆಯುವುದು ಪಿಯುಎ. ಪ್ರಾಯಶಃ ಬೇಡದ ತಂತ್ರಾಂಶ ಎಂದು ಅರ್ಥ. ಈ ‘ಪ್ರಾಯಶಃ’ದ ಹಿಂದೆ ಕಾನೂನಿನ ಲೆಕ್ಕಾಚಾರವಿದೆ. ವೈರಸ್ ಕದ್ದು ನುಗ್ಗುತ್ತದೆ. ಇದು ನಮ್ಮಿಂದ ‘ಹೂಂ’ ಅನ್ನಿಸಿಕೊಂಡೇ ಒಳಗೆ ಬರುತ್ತದೆ. ಯಾರಾದರೂ ದೂರು ಕೊಟ್ಟರೆ ‘ನೀವೇ ಒಪ್ಪಿದ್ದೀರಿ, ಇಲ್ಲಿದೆ ನೋಡಿ’ ಎಂದು ತೋರಿಸಲು ಅವರ ಹತ್ತಿರ ಆ ಒಪ್ಪಿಗೆ ಇರುತ್ತದೆ. ಹೆಚ್ಚಿನವಕ್ಕೆ ಸರಿಯಾದ ಡಿಜಿಟಲ್ ಸಹಿ ಇರುತ್ತದೆ, ಕಂಪನಿಯ ಹೆಸರು ಇರುತ್ತದೆ, ಅಳಿಸುವ ದಾರಿಯೂ ಲೆಕ್ಕಕ್ಕೆ ಇರುತ್ತದೆ.

ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಹಳೇ ಲ್ಯಾಪ್‌ಟಾಪ್ ಒಂದಿತ್ತು, 4 ಜಿಬಿ ರ್‍ಯಾಮಿನದು. ಅದಕ್ಕೆ ಹೊಸದಾಗಿ ವಿಂಡೋಸ್ ಹಾಕಿದೆ. ನನ್ನ ಯಾವ ಖಾತೆಯನ್ನೂ ಅದರಲ್ಲಿ ತೆರೆಯಲಿಲ್ಲ. ಅಂಗಡಿಯ ವೈಫೈ ಕೊಡದೆ ಬೇರೆ ಸಿಮ್ಮಿನ ಹಾಟ್‌ಸ್ಪಾಟ್ ಕೊಟ್ಟೆ. ಸಿಸ್ಟಂ ಶುರುವಾಗುವಾಗ ಏನೇನು ತಾನಾಗಿ ಓಡುತ್ತದೆ ಎಂಬುದನ್ನು ಮೈಕ್ರೋಸಾಫ್ಟಿನದೇ ಉಚಿತ ಸಾಧನ ಆಟೋರನ್ಸ್ ತೋರಿಸುತ್ತದೆ. ಅದರ ಪಟ್ಟಿಯನ್ನು ಮೊದಲೇ ಉಳಿಸಿಟ್ಟೆ. ಕುತೂಹಲವಿದ್ದವರು ಮನೆಮಂದಿ ಬಳಸುವ ಸಿಸ್ಟಮ್ಮಿನಲ್ಲಿ ದಯವಿಟ್ಟು ಇದನ್ನು ಮಾಡಬೇಡಿ. ಆಮೇಲೆ ಮಾಸ್ತರ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇನ್ನೂ ಕೂತಿದ್ದ ಆ ಫೈಲನ್ನೇ ತಂದು ಓಡಿಸಿದೆ.

ಮೊದಲ ಸುಳಿವು ಸಿಕ್ಕಿದ್ದು ಫೈಲಿನ ಗಾತ್ರದಲ್ಲಿ. ಆ ಪಿಡಿಎಫ್ ತಂತ್ರಾಂಶ ಅದನ್ನು ಬರೆದವರ ಸ್ವಂತ ತಾಣದಲ್ಲಿ ಸುಮಾರು 40 ಎಂಬಿ. ಮಾಸ್ತರ ಹತ್ತಿರ ಇದ್ದದ್ದು 2 ಎಂಬಿಯೂ ಇಲ್ಲ. ಅಂದರೆ ಅದು ತಂತ್ರಾಂಶವೇ ಅಲ್ಲ, ತಂತ್ರಾಂಶ ತಂದುಕೊಡುತ್ತೇನೆ ಎನ್ನುವ ದಲಾಲಿ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ಮೂಲ ತಾಣವಲ್ಲ, ಜಾಹೀರಾತು ಕೊಟ್ಟು ಮೇಲೇರಿದ ಬೇರೊಂದು ಡೌನ್‌ಲೋಡ್ ತಾಣ. ಮಾಸ್ತರು ಅದನ್ನೇ ಒತ್ತಿದ್ದರು. ನೆಟ್ ಕಿತ್ತು ಓಡಿಸಿ ನೋಡಿದೆ, ಎರಡನೇ ಕಿಟಕಿಯಲ್ಲೇ ನಿಂತುಹೋಯಿತು. ಏನು ಮಾರಬೇಕೆಂಬುದನ್ನು ಅದು ಆ ಕ್ಷಣಕ್ಕೆ ಎಲ್ಲಿಂದಲೋ ಕೇಳಿ ತರಿಸಿಕೊಳ್ಳುತ್ತಿತ್ತು. ವರ್ಚುವಲ್ ಮೆಷಿನ್ನಿನೊಳಗೆ, ಅಂದರೆ ಕಂಪ್ಯೂಟರಿನೊಳಗೇ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರಿನಲ್ಲಿ, ಓಡಿಸಿದಾಗ ಇನ್ನೂ ವಿಚಿತ್ರ: ಪಿಡಿಎಫ್ ತಂತ್ರಾಂಶ ಮಾತ್ರ ಬಂತು, ಬೇರೇನೂ ಇಲ್ಲ. ಯಾರೋ ಪರೀಕ್ಷೆ ಮಾಡುತ್ತಿದ್ದಾರೆ ಎಂಬ ವಾಸನೆ ಹಿಡಿದರೆ ಸಂಭಾವಿತನಾಗಿ ಕೂರುವುದು ಇಂಥವುಗಳ ಸ್ವಭಾವ.

ಹಳೇ ಲ್ಯಾಪ್‌ಟಾಪಿನಲ್ಲಿ ಮಾತ್ರ ತನ್ನ ನಿಜ ರೂಪ ತೋರಿಸಿತು. ಮೊದಲ ಕಿಟಕಿ ಸ್ವಾಗತದ್ದು, ನೆಕ್ಸ್ಟ್. ಎರಡನೆಯದರಲ್ಲಿ ಎರಡು ಆಯ್ಕೆ: ‘ಎಕ್ಸ್‌ಪ್ರೆಸ್ (ಶಿಫಾರಸು ಮಾಡಿದ್ದು)’ ಎಂದು ದಪ್ಪ ಅಕ್ಷರದಲ್ಲಿ, ಅದರ ಕೆಳಗೆ ಮಸುಕಾಗಿ ‘ಕಸ್ಟಮ್’. ಕಸ್ಟಮ್ ಒತ್ತಿದ ಮೇಲೆಯೇ ಮೊದಲೇ ಟಿಕ್ ಹಾಕಿಟ್ಟ ಮೂರು ಚೌಕ ಕಂಡವು: ಹೋಮ್ ಪೇಜ್ ಬದಲಿಸು, ಹುಡುಕಾಟ ಬದಲಿಸು, ‘ಪಿಸಿ ವೇಗ’ ಎಂಬುದೊಂದನ್ನು ಹಾಕು. ಎಕ್ಸ್‌ಪ್ರೆಸ್ ಎಂದರೆ ಈ ಮೂರಕ್ಕೂ ಒಪ್ಪಿದ ಹಾಗೆ.

ಮೂರನೇ ಕಿಟಕಿಯ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಮೇಲೆ ಲೈಸೆನ್ಸ್ ಒಪ್ಪಂದದ ಉದ್ದನೆಯ ಬರಹ, ಕೆಳಗೆ ಬಲಕ್ಕೆ ಹಸಿರು ಬಣ್ಣದ ದೊಡ್ಡ ‘ಅಕ್ಸೆಪ್ಟ್’, ಎಡಕ್ಕೆ ಬೂದು ಬಣ್ಣದ ‘ಡಿಕ್ಲೈನ್’. ಕಂಪ್ಯೂಟರ್ ಬಳಸಿದ ಯಾರಿಗಾದರೂ ಗೊತ್ತು, ಲೈಸೆನ್ಸ್ ಒಪ್ಪದಿದ್ದರೆ ತಂತ್ರಾಂಶ ಕೂರುವುದಿಲ್ಲ. ಅದಕ್ಕೇ ಕೈ ತಾನಾಗಿ ಹಸಿರಿಗೆ ಹೋಗುತ್ತದೆ. ಆದರೆ ಆ ಲೈಸೆನ್ಸ್ ಪಿಡಿಎಫ್ ತಂತ್ರಾಂಶದ್ದೇ ಅಲ್ಲ! ಮೂರನೇ ಸಾಲಿನಲ್ಲಿ ಬೇರೆಯದೇ ಹೆಸರಿತ್ತು, ಯಾವುದೋ ಹುಡುಕಾಟದ ಎಕ್ಸ್‌ಟೆನ್ಶನ್ನಿನದು. ‘ಡಿಕ್ಲೈನ್’ ಬಟನ್ ಕೆಟ್ಟುಹೋದ ಹಾಗೆ ಬೂದಾಗಿ ಕಂಡರೂ ಒತ್ತಿ ನೋಡಿದೆ, ಕೆಲಸ ಮಾಡಿತು, ಪಿಡಿಎಫ್ ತಂತ್ರಾಂಶ ಆರಾಮಾಗಿ ಮುಂದೆ ಹೋಯಿತು. ಬೇಡ ಎನ್ನಬಹುದು ಎಂಬುದನ್ನೇ ಕಣ್ಣಿಂದ ಮರೆಮಾಡಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂತು. ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದ ಮನುಷ್ಯ ಓದದೇ ಒತ್ತಿದ್ದಲ್ಲ. ಓದಿದರೂ ತಪ್ಪುವ ಹಾಗೆ ಅದನ್ನು ಕಟ್ಟಿದ್ದರು.

ಎರಡನೇ ಸಲ ಓಡಿಸಿ, ಮಾಸ್ತರು ಒತ್ತಿದ ಹಾಗೆ ಎಲ್ಲಕ್ಕೂ ಹೂಂ ಎಂದೆ. ವಿಂಡೋಸ್ ಅನುಮತಿ ಕೇಳಿದಾಗಲೂ ಯೆಸ್. ಆಟೋರನ್ಸಿನಲ್ಲಿ ಹಳೇ ಪಟ್ಟಿಯ ಜೊತೆ ಹೋಲಿಸಿದಾಗ ಹೊಸದಾಗಿ ಸೇರಿದ್ದೆಲ್ಲ ಹಸಿರಾಗಿ ಎದ್ದು ಕಂಡಿತು. ಐದು ಸಾಲು. ಅವುಗಳಲ್ಲಿ ಎರಡು, ಗೊತ್ತುಮಾಡಿದ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರಿನೊಳಗೆ ಇದ್ದವು. ಮೂರು ದಿನದಲ್ಲಿ ಎಲ್ಲ ವಾಪಸ್ ಬಂದದ್ದು ಇಲ್ಲಿಂದ. ಒಂದು ಟಾಸ್ಕ್ ಲಾಗಿನ್ ಆದಾಗಲೆಲ್ಲ, ಇನ್ನೊಂದು ನಾಲ್ಕು ತಾಸಿಗೊಮ್ಮೆ ಎದ್ದು, ‘ನಮ್ಮ ಎಕ್ಸ್‌ಟೆನ್ಶನ್ ಇದೆಯಾ?’ ಎಂದು ನೋಡಿ, ಇಲ್ಲದಿದ್ದರೆ ಮತ್ತೆ ತಂದು ಕೂರಿಸುತ್ತಿತ್ತು. ಯಾರೂ ಮುಟ್ಟದಿರಲಿ ಎಂದು ಹೆಸರಿನಲ್ಲಿ ‘ಅಪ್‌ಡೇಟ್’ ಎಂಬ ಶಬ್ದ ಸೇರಿಸಿದ್ದರು. ಅದು ಓಡಿಸುವ ಫೈಲು ಮಾತ್ರ ಪ್ರೋಗ್ರಾಂ ಫೈಲ್ಸಿನಲ್ಲಿ ಇರಲಿಲ್ಲ, ಬಳಕೆದಾರನ ಆ್ಯಪ್‌ಡೇಟಾ ಫೋಲ್ಡರಿನೊಳಗೆ ಅಡಗಿತ್ತು. ಆ ಫೋಲ್ಡರ್ ಮಾಮೂಲಿಯಾಗಿ ಕಣ್ಣಿಗೆ ಬೀಳುವುದಿಲ್ಲ, ಅದರಲ್ಲಿ ಬರೆಯಲು ಅಡ್ಮಿನ್ ಅನುಮತಿಯೂ ಬೇಕಿಲ್ಲ.

ಬ್ರೌಸರಿನಲ್ಲಿ ‘ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ’ ಎಂಬ ಸಾಲು ಬಂದಿತ್ತು. ಮಾಸ್ತರ ಮನೆಯಲ್ಲಿ ಯಾವ ಸಂಸ್ಥೆ? ದೊಡ್ಡ ಕಚೇರಿಗಳು ತಮ್ಮ ನೌಕರರ ಬ್ರೌಸರಿಗೆ ನಿಯಮ ಹಾಕಲೆಂದು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಕಡೆ, ಪಾಲಿಸೀಸ್ ಎಂಬ ಜಾಗ ಇದೆ. ಅದರಲ್ಲಿ ತನ್ನ ಎಕ್ಸ್‌ಟೆನ್ಶನ್ನಿನ ಗುರುತು ಬರೆದುಕೊಂಡಿತ್ತು. ಹಾಗೆ ಬರೆದರೆ ತೆಗೆಯುವ ಬಟನ್ನೇ ಸಿಗುವುದಿಲ್ಲ. ಡೆಸ್ಕ್‌ಟಾಪಿನ ಬ್ರೌಸರ್ ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್ ತೆರೆದರೆ, ಟಾರ್ಗೆಟ್ ಸಾಲಿನ ಕೊನೆಯಲ್ಲಿ, ಮುಚ್ಚುವ ಉದ್ಧರಣ ಚಿಹ್ನೆ ದಾಟಿದ ಮೇಲೆ, ಒಂದು ವೆಬ್ ವಿಳಾಸ ಅಂಟಿಸಿತ್ತು. ಸೆಟ್ಟಿಂಗಿನಲ್ಲಿ ಹೋಮ್ ಪೇಜ್ ಎಷ್ಟು ಸಲ ಬದಲಿಸಿದರೂ ಐಕಾನ್ ಒತ್ತಿದರೆ ಅದೇ ಪುಟ ತೆರೆಯುತ್ತಿದ್ದ ಕಾರಣ ಇದು. ಮೂಲೆಯ ಚೀಟಿಗಳು ವಿಂಡೋಸಿನವೇ ಅಲ್ಲ. ಯಾವುದೋ ತಾಣಕ್ಕೆ ಬ್ರೌಸರಿನಲ್ಲಿ ‘ಅಲೋ’ ಕೊಟ್ಟ ನೋಟಿಫಿಕೇಶನ್ನುಗಳು.

‘ಪಿಸಿ ವೇಗ’ದ ಬಗ್ಗೆಯೂ ಹೇಳಬೇಕು. ವಿಂಡೋಸ್ ಹಾಕಿ ಆಗ ಎರಡು ತಾಸೂ ಆಗಿರಲಿಲ್ಲ. ಅಂಥ ಸಿಸ್ಟಮ್ಮಿನಲ್ಲಿ ಅದು 1,200ಕ್ಕೂ ಹೆಚ್ಚು ‘ತೊಂದರೆ’ ಕಂಡುಹಿಡಿದು, ಕೆಂಪು ಅಕ್ಷರದಲ್ಲಿ ತೋರಿಸಿ, ಸರಿಮಾಡಲು ಹಣ ಕೇಳಿತು. ಪಟ್ಟಿ ಬಿಡಿಸಿ ನೋಡಿದೆ: ಕುಕೀ, ತಾತ್ಕಾಲಿಕ ಫೈಲು, ಖಾಲಿ ರಿಜಿಸ್ಟ್ರಿ ಸಾಲು. ಒಂದೂ ಕಾಯಿಲೆಯಲ್ಲ. ಮಾಸ್ತರು ಕಾರ್ಡ್ ನಂಬರ್ ಹಾಕುವ ತನಕ ಹೋಗಿ, ಕರೆಂಟು ಹೋಯಿತೆಂದು ಬಿಟ್ಟಿದ್ದರಂತೆ.

ಇಷ್ಟೆಲ್ಲ ಯಾಕೆ ಮಾಡುತ್ತಾರೆ ಎಂದು ಮಾಸ್ತರು ಕೇಳಿದರು. ದುಡ್ಡಿಗೆ. ಒಬ್ಬರ ಸಿಸ್ಟಮ್ಮಿನಲ್ಲಿ ಒಂದು ತಂತ್ರಾಂಶ ಕೂರಿಸಿಕೊಟ್ಟರೆ ಇಷ್ಟು ಎಂದು ದರವಿದೆ. ಗೂಗಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಈ ವ್ಯವಹಾರವನ್ನು ಅಧ್ಯಯನ ಮಾಡಿದಾಗ ಒಂದು ಇನ್‌ಸ್ಟಾಲಿಗೆ 10 ಸೆಂಟಿನಿಂದ ಒಂದೂವರೆ ಡಾಲರ್ ತನಕ ಸಿಗುತ್ತಿತ್ತು. ಬೇಡದ ತಂತ್ರಾಂಶದ ಬಗ್ಗೆ ಗೂಗಲ್ ಆಗ ವಾರಕ್ಕೆ 6 ಕೋಟಿಗೂ ಹೆಚ್ಚು ಎಚ್ಚರಿಕೆ ತೋರಿಸುತ್ತಿತ್ತು, ವೈರಸ್ಸಿನಂಥ ಹಾನಿಕಾರಕ ತಂತ್ರಾಂಶದ (ಮಾಲ್‌ವೇರ್) ಎಚ್ಚರಿಕೆಗಿಂತ ಸುಮಾರು ಮೂರು ಪಟ್ಟು. ಸಿಕ್ಕಿಬಿದ್ದವರು ತಿಳಿಯದವರು ಮಾತ್ರ ಎಂದೂ ಅಲ್ಲ. ನೆಟ್‌ವರ್ಕ್ ತಜ್ಞರು ಬಳಸುವ ಎನ್‌ಮ್ಯಾಪ್ ಎಂಬ ಸಾಧನವನ್ನೇ 2011ರಲ್ಲಿ ಡೌನ್‌ಲೋಡ್ ಡಾಟ್ ಕಾಮ್ ತನ್ನ ಇನ್‌ಸ್ಟಾಲರಿನಲ್ಲಿ ಸುತ್ತಿ ಟೂಲ್‌ಬಾರ್ ಸಮೇತ ಹಂಚಿತ್ತು, ಬರೆದವರೇ ಬಹಿರಂಗವಾಗಿ ಪ್ರತಿಭಟಿಸಬೇಕಾಯಿತು. ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಮೊದಲೇ ಹಾಕಿಬರುತ್ತಿದ್ದ ಸೂಪರ್‌ಫಿಶ್ 2015ರಲ್ಲಿ ಬಯಲಾಯಿತು. ಜಾಹೀರಾತು ತುರುಕಲೆಂದು ಅದು ಸುರಕ್ಷಿತ ತಾಣಗಳ ಸಂಪರ್ಕದ ನಡುವೆಯೇ ಕೂರುತ್ತಿತ್ತು. ಅಲ್ಲಿ ಗಿರಾಕಿ ಒತ್ತಿದ ಬಟನ್ನೇ ಇಲ್ಲ, ಡಬ್ಬಿ ಬಿಚ್ಚುವಾಗಲೇ ಒಳಗಿತ್ತು. ಇದನ್ನೆಲ್ಲ ಹೇಳಿದ ಮೇಲೆ ಮಾಸ್ತರು ಸ್ವಲ್ಪ ಸಡಿಲಾದರು, ಚಾ ತರಿಸಿದ್ದನ್ನು ಕುಡಿದರು.

ಈಗ ನಾನು ತೆಗೆಯುವ ಕ್ರಮ ಬದಲಾಗಿದೆ. ದಾಖಲೆಗಳ ಪ್ರತಿ ಮಾಡಿಕೊಂಡು ಮೊದಲು ನೆಟ್ ಕೀಳುತ್ತೇನೆ, ತೆಗೆಯುವಾಗಲೇ ಮತ್ತೆ ಇಳಿಸಿಕೊಳ್ಳಬಾರದಲ್ಲ. ಆಮೇಲೆ ಬ್ರೌಸರಿಗೆ ಕೈ ಹಾಕದೆ ನೇರ ಟಾಸ್ಕ್ ಶೆಡ್ಯೂಲರ್ ಮತ್ತು ಸ್ಟಾರ್ಟಪ್. ಅನುಮಾನದ ಟಾಸ್ಕನ್ನು ಅಳಿಸುವ ಮುಂಚೆ ಅದು ಯಾವ ಫೈಲ್ ಓಡಿಸುತ್ತದೆ ಎಂದು ಬರೆದುಕೊಳ್ಳುತ್ತೇನೆ, ಆ ಫೋಲ್ಡರಿಗೆ ಕೊನೆಗೆ ಹೋಗಬೇಕು. ಪ್ರೋಗ್ರಾಮ್ಸ್ ಪಟ್ಟಿಯನ್ನು ಇನ್‌ಸ್ಟಾಲ್ ಆದ ತಾರೀಕಿನ ಪ್ರಕಾರ ಜೋಡಿಸುವುದು ನನಗೆ ತುಂಬ ಉಪಕಾರ ಮಾಡಿದ ಉಪಾಯ. ಮಾಸ್ತರ ಪಟ್ಟಿಯಲ್ಲಿ ಪಿಡಿಎಫ್ ತಂತ್ರಾಂಶದ ಜೊತೆ ಅದೇ ದಿನ ಇನ್ನೂ ಮೂರು ಹೆಸರು ಕೂತಿದ್ದವು, ಮೊದಲ ಸಲ ನಾನು ನೋಡಿದ್ದು ಅವುಗಳಲ್ಲಿ ಒಂದನ್ನು ಮಾತ್ರ. ಅಳಿಸುವಾಗಲೂ ನಿಧಾನವಾಗಿ ಓದಬೇಕು, ಅಲ್ಲೂ ದೊಡ್ಡ ಬಟನ್ ‘ಇಟ್ಟುಕೊಳ್ಳಿ’ ಎಂಬುದೇ. ನಂತರ ಪಾಲಿಸೀಸಿನ ಸಾಲು, ಶಾರ್ಟ್‌ಕಟ್ಟಿನ ಬಾಲ, ನೋಟಿಫಿಕೇಶನ್ ಅನುಮತಿ, ಆಮೇಲೆ ಬ್ರೌಸರ್ ರೀಸೆಟ್. ಬ್ರೌಸರಿನಲ್ಲಿ ಖಾತೆ ತೆರೆದು ಸಿಂಕ್ ಇಟ್ಟಿದ್ದರೆ ಅಲ್ಲಿಂದಲೂ ಎಕ್ಸ್‌ಟೆನ್ಶನ್ ಇಳಿದು ಬರುತ್ತದೆ, ಅದನ್ನು ನಿಲ್ಲಿಸಿ ಮಾಡಬೇಕು. ಕೊನೆಗೆ ಇಂಥ ತಂತ್ರಾಂಶ ಹುಡುಕಿ ತೆಗೆಯುವ ಆ್ಯಡ್‌ಡಬ್ಲ್ಯೂಕ್ಲೀನರ್ ಮತ್ತು ವಿಂಡೋಸಿನದೇ ಆಂಟಿವೈರಸ್ ಡಿಫೆಂಡರ್ ಎರಡರಿಂದಲೂ ಒಂದೊಂದು ಸ್ಕ್ಯಾನ್.

ಆ ಎಕ್ಸ್‌ಟೆನ್ಶನ್ನಿಗೆ ‘ಎಲ್ಲ ತಾಣಗಳ ಮಾಹಿತಿ ಓದುವ, ಬದಲಿಸುವ’ ಅನುಮತಿ ಇತ್ತು. ಹಾಗಾಗಿ ಬ್ಯಾಂಕು ಮತ್ತು ಈಮೇಲಿನ ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದ ಬದಲಿಸಿ ಎಂದೆ. ಮಾಸ್ತರು ಮಗಳ ಮೊಬೈಲಿನಿಂದ ಅಂದೇ ಬದಲಿಸಿದರು.

ವಿಂಡೋಸ್ ಸೆಕ್ಯುರಿಟಿಯ ಆ್ಯಪ್ ಮತ್ತು ಬ್ರೌಸರ್ ಕಂಟ್ರೋಲಿನಲ್ಲಿ, ರೆಪ್ಯುಟೇಶನ್ ಆಧಾರಿತ ರಕ್ಷಣೆಯ ಒಳಗೆ, ಬೇಡದ ಆ್ಯಪ್ ತಡೆಯುವ ಸ್ವಿಚ್ ಇದೆ. ವಿಂಡೋಸ್ 10ಕ್ಕೆ ಅದು 2020ರ ಮೇ ಅಪ್‌ಡೇಟಿನಲ್ಲಿ ಬಂತು. ಕೆಳಗಿನ ಎರಡೂ ಚೌಕಕ್ಕೆ ಟಿಕ್ ಇರಲಿ: ಒಂದು ಆ್ಯಪ್ ತಡೆಯುತ್ತದೆ, ಇನ್ನೊಂದು ಡೌನ್‌ಲೋಡ್ ತಡೆಯುತ್ತದೆ. ಮಾಸ್ತರ ಸಿಸ್ಟಮ್ಮಿನಲ್ಲಿ ಅದು ಆಫ್ ಇತ್ತು. ಈಗ ನನ್ನ ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ಸಿಸ್ಟಮ್ಮಿನಲ್ಲೂ ಅದನ್ನು ಆನ್ ಮಾಡಿ, ದಿನದ ಬಳಕೆಗೆ ಅಡ್ಮಿನ್ ಅಲ್ಲದ ಬೇರೆ ಖಾತೆ ಮಾಡಿಕೊಡುತ್ತೇನೆ. ಅಂಥ ಖಾತೆಯಲ್ಲೂ ಆ್ಯಪ್‌ಡೇಟಾಕ್ಕೆ ನುಗ್ಗಬಹುದು, ಆದರೆ ಇಡೀ ಸಿಸ್ಟಮ್ಮಿಗೆ ಪಾಲಿಸಿ ಬರೆಯಲು ಆಗುವುದಿಲ್ಲ. ಅಷ್ಟಾದರೆ ನನ್ನ ಕೆಲಸ ಅರ್ಧ ಉಳಿಯುತ್ತದೆ. ಪಿಡಿಎಫ್ ಮಾಡಲು ಹೆಚ್ಚಿನವರಿಗೆ ಹೊಸ ತಂತ್ರಾಂಶವೇ ಬೇಕಿಲ್ಲ, ವಿಂಡೋಸ್ 10ರ ಪ್ರಿಂಟ್ ಕಿಟಕಿಯಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಇದೆ. ಮಾಸ್ತರ ಪುಸ್ತಕ ಪ್ರೆಸ್ಸಿಗೆ ಹೋದದ್ದು ಅದರಲ್ಲೇ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಮಾಸ್ತರ ಫೋನ್ ಬಂತು. ಹೊಸ ಪ್ರಿಂಟರ್ ತಂದಿದ್ದರು, ಡ್ರೈವರ್ ಹಾಕಬೇಕು. ಹುಡುಕಿದಾಗ ಮೇಲೆ ಬಂದ ‘ಎಲ್ಲ ಡ್ರೈವರ್ ಉಚಿತ’ ಎಂಬುದನ್ನು ಬಿಟ್ಟು, ಪ್ರಿಂಟರಿನ ಡಬ್ಬಿ ಮೇಲಿದ್ದ ವಿಳಾಸವನ್ನು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿದ್ದರಂತೆ. ಕಿಟಕಿ ತೆರೆದಿಟ್ಟುಕೊಂಡು ಒಂದೊಂದೇ ಸಾಲು ನನಗೆ ಓದಿ ಹೇಳಿದರು, ತರಗತಿಯಲ್ಲಿ ಪಾಠ ಓದಿದ ಹಾಗೆ. ಎರಡನೇ ಕಿಟಕಿಗೆ ಬಂದಾಗ ನಿಂತರು.

‘ಇಲ್ಲೊಂದು ಟಿಕ್ ಇದ್ದು ತಮಾ. ನಮ್ಮ ಬಳಕೆಯ ಮಾಹಿತಿ ಅವ್ಕೆ ಕಳ್ಸದು ಹೇಳಿ ಬರದ್ದ. ತೆಗಿಲಾ?’

‘ತೆಗೀರಿ ಮಾಸ್ತರೆ’ ಎಂದೆ.

ತೆಗೆದು, ಮುಂದಿನ ಸಾಲು ಓದತೊಡಗಿದರು.