ಹಳೇ ಪಿ.ಬಿ. ರಸ್ತೆಯ ಜಾಡು ಹಿಡಿಯುವುದು ಹೇಗೆ: ಚಿತ್ರದುರ್ಗದಿಂದ ಹರಿಹರದವರೆಗೆ

ಚಿತ್ರದುರ್ಗ, ದಾವಣಗೆರೆ, ಹರಿಹರ ಈ ಮೂರೂ ಊರುಗಳನ್ನು ದಾಟಿ ಪುಣೆಯ ಕಡೆಗೆ ಹೋಗುವ ವಾಹನ ಇಂದು ಯಾವ ಊರಿನ ಒಳಗೂ ಹೊಕ್ಕು ಹೊರಡಬೇಕಾಗಿಲ್ಲ. ಮೊದಲು ರಾಷ್ಟ್ರೀಯ ಹೆದ್ದಾರಿ 4 ಎನಿಸಿಕೊಂಡಿದ್ದು, 2010ರ ಮರುಸಂಖ್ಯೆಯ ನಂತರ 48 ಆಗಿರುವ ರಸ್ತೆಯು ಸುವರ್ಣ ಚತುಷ್ಕೋನ ಯೋಜನೆಯಲ್ಲಿ ನಾಲ್ಕು ಪಥವಾಗಿ, ಆಮೇಲೆ ಆರು ಪಥದ ಕಾಮಗಾರಿಯನ್ನೂ ಕಂಡು, ಊರುಗಳ ಹೊರಗಿನಿಂದಲೇ ಸಾಗಿಹೋಗುತ್ತದೆ. ಅದಕ್ಕೂ ಮೊದಲು ಎತ್ತಿನ ಗಾಡಿ, ಬಸ್ಸು, ಹತ್ತಿಯ ಲಾರಿಗಳೆಲ್ಲವೂ ಸಾಗಿದ ಹಳೆಯ ಪಿ.ಬಿ. (ಪೂನಾ–ಬೆಂಗಳೂರು) ರಸ್ತೆ ತುಂಡು ತುಂಡಾಗಿ ಇಂದಿಗೂ ಉಳಿದಿದೆ. ಅದನ್ನು ಹುಡುಕಲು ದುಬಾರಿ ಸಲಕರಣೆ ಬೇಡ. ಎಲ್ಲಿ ನೋಡಬೇಕು, ಏನನ್ನು ನೋಡಬೇಕು ಎಂಬುದು ಗೊತ್ತಿದ್ದರೆ ಸಾಕು.

ಎಲ್ಲಿ ನೋಡಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು, ಏಕೆಂದರೆ ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿಯೇ. ಬಯಲಿನಲ್ಲಿ ರಸ್ತೆ ನೇರವಾಗಿ ಓಡುವ ಕಡೆಗಳಲ್ಲಿ ಹಳೆಯದು ಹೊಸದರ ಹೊಟ್ಟೆಯೊಳಗೇ ಸೇರಿಹೋಗಿದೆ. ಅಂಥಲ್ಲಿ ಇದ್ದ ರಸ್ತೆಯನ್ನು ಒಂದು ದಿಕ್ಕಿನ ಸಂಚಾರಕ್ಕೆ ಉಳಿಸಿಕೊಂಡು ಪಕ್ಕದಲ್ಲಿ ಇನ್ನೊಂದನ್ನು ಹಾಕಿ ಅಗಲ ಮಾಡುವುದೇ ರೂಢಿ. ಆದ್ದರಿಂದ ಅಲ್ಲಿ ಎಷ್ಟು ಹುಡುಕಿದರೂ ಸಿಗುವುದು ಅಲ್ಪ. ಹೊಸ ರಸ್ತೆ ಹಳೆಯದನ್ನು ಬಿಟ್ಟು ಬೇರೆ ದಾರಿ ಹಿಡಿದ ಜಾಗಗಳಲ್ಲಿ ಮಾತ್ರ ಕುರುಹುಗಳು ಉಳಿಯುತ್ತವೆ. ಅಂಥ ಜಾಗಗಳು ಮೂರು ಬಗೆಯವು: ಬೈಪಾಸ್ ಬಂದ ಊರು, ನೇರಗೊಳಿಸಿದ ತಿರುವು, ಹೊಸ ಸೇತುವೆಯ ಪಕ್ಕದ ಹಳೆಯ ದಾಟು. ಎರಡೂ ರಸ್ತೆಗಳು ಎಲ್ಲಿ ಅಗಲುತ್ತವೆ, ಎಲ್ಲಿ ಮತ್ತೆ ಕೂಡುತ್ತವೆ ಎಂಬ ಎರಡು ಬಿಂದುಗಳನ್ನು ಗುರುತಿಸಿಕೊಂಡು ನಡುವಿನದನ್ನು ಮಾತ್ರ ನಡೆದು ನೋಡುವುದೇ ಈ ಹುಡುಕಾಟದ ಮುಖ್ಯ ಸೂತ್ರ.

ಬಿಂದುಗಳನ್ನು ಗುರುತಿಸುವ ಕೆಲಸ ಮನೆಯಲ್ಲಿಯೇ ಆಗಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳವಿವರ ನಕ್ಷೆಗಳಲ್ಲಿ ದಾವಣಗೆರೆ, ಹರಿಹರಗಳು 48 ಎನ್ ಹಾಳೆಯ ಗುಂಪಿಗೂ, ಚಿತ್ರದುರ್ಗ 57 ಬಿ ಗುಂಪಿಗೂ ಸೇರುತ್ತವೆ. ಒಂದು ಇಂಚಿಗೆ ಒಂದು ಮೈಲಿ ಅಳತೆಯ ಹಳೆಯ ಹಾಳೆಯಾಗಲಿ, 1:50,000 ಅಳತೆಯ ನಂತರದ ಹಾಳೆಯಾಗಲಿ ಸಿಕ್ಕರೆ, ಅದನ್ನು ಇಂದಿನ ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ಹೆದ್ದಾರಿಯ ಗುಂಟ ಬೆರಳಿಟ್ಟು ಸಾಗಬೇಕು. ಉಪಗ್ರಹ ಚಿತ್ರದಲ್ಲಿ ಹೆದ್ದಾರಿಯಿಂದ ಬಿಲ್ಲಿನಂತೆ ಹೊರಗೆ ಬಾಗಿ ಮತ್ತೆ ಬಂದು ಸೇರುವ ತೆಳು ರಸ್ತೆ ಕಂಡರೆ ಅದು ಹಳೆಯ ತಿರುವು ಆಗಿರುವ ಸಂಭವ ಹೆಚ್ಚು. ರಸ್ತೆಯೇ ಅಳಿಸಿಹೋಗಿದ್ದರೂ ಹೊಲಗಳ ಬದುಗಳು ಆ ಬಾಗನ್ನು ಅನುಸರಿಸಿಯೇ ಉಳಿದಿರುತ್ತವೆ, ಮರಗಳ ತಲೆಗಳು ಒಂದೇ ಗೆರೆಯಲ್ಲಿ ಕಾಣುತ್ತವೆ.

ಇದಕ್ಕಿಂತಲೂ ನಂಬಿಕೆಗೆ ಅರ್ಹವಾದ ದಾಖಲೆಯೆಂದರೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಸರ್ವೆ ನಂಬರುಗಳ ನಡುವೆ ಜೋಡಿ ಗೆರೆಯಾಗಿ ಹರಿಯುವ ರಸ್ತೆಯನ್ನು ಅದರಲ್ಲಿ ಕಾಣಬಹುದು. ಸಾರ್ವಜನಿಕ ರಸ್ತೆ, ಹಳ್ಳಗಳಿಗೆ ಬಿಟ್ಟ ನೆಲ ಪಹಣಿಯಲ್ಲಿ ‘ಬಿ ಖರಾಬು’ ಎಂದು ನಮೂದಾಗಿರುತ್ತದೆ. ಡಾಂಬರು ಕಿತ್ತುಹೋಗಿ ಜಾಲಿ ಬೆಳೆದಿದ್ದರೂ ಈ ನಮೂದು ಸಾಮಾನ್ಯವಾಗಿ ಬದಲಾಗುವುದಿಲ್ಲ. ಸ್ಥಳದಲ್ಲಿ ನಿಂತಾಗ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ಕಾಲಕೆಳಗಿನ ಸರ್ವೆ ನಂಬರು ಯಾವುದು, ರಸ್ತೆಯ ಗೆರೆ ಎಷ್ಟು ದೂರದಲ್ಲಿದೆ ಎಂಬುದು ತಿಳಿಯುತ್ತದೆ. ರಸ್ತೆ ಹುಡುಕುವವರ ಕೈಯಲ್ಲಿ ಈ ಆ್ಯಪ್‌ನಷ್ಟು ಉಪಯುಕ್ತವಾದುದು ಮತ್ತೊಂದಿಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಹೊರಡುವ ಕಾಲವೂ ಮುಖ್ಯ. ಮಳೆಗಾಲದಲ್ಲಿ ಮೆಕ್ಕೆಜೋಳ ಆಳೆತ್ತರ ಬೆಳೆದು ನೆಲದ ಏರಿಳಿತವನ್ನೆಲ್ಲ ಮುಚ್ಚಿಬಿಡುತ್ತದೆ. ಕಟಾವು ಮುಗಿದ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಬೆಳಗಿನ ಓರೆ ಬಿಸಿಲಿನಲ್ಲಿ ಹಳೆಯ ರಸ್ತೆಯ ಏರಿ ಅಂಗೈ ಎತ್ತರದಷ್ಟಿದ್ದರೂ ನೆರಳು ಚೆಲ್ಲಿ ಕಣ್ಣಿಗೆ ಬೀಳುತ್ತದೆ.

ಊರಿನ ಒಳಗಿನ ಭಾಗದಿಂದ ಆರಂಭಿಸುವುದು ಸುಲಭ. ದಾವಣಗೆರೆಯಲ್ಲಿ ಹಳೆಯ ಹೆದ್ದಾರಿಯನ್ನು ಜನ ಇಂದಿಗೂ ಪಿ.ಬಿ. ರಸ್ತೆ ಎಂದೇ ಕರೆಯುತ್ತಾರೆ. ಆವರಗೆರೆಯ ಕಡೆಯಿಂದ ಪ್ರವೇಶಿಸಿ, ಬಸ್ ನಿಲ್ದಾಣದ ಮುಂದೆ ಹಾದು, ಬಾತಿಯ ಕಡೆಗೆ ಹೊರಡುವ ಈ ರಸ್ತೆಯನ್ನು ಒಂದು ಬೆಳಿಗ್ಗೆ ಪೂರ್ತಿ ನಡೆದೇ ನೋಡಬೇಕು. ಲಾರಿ ಗ್ಯಾರೇಜು, ಟೈರಿನ ಅಂಗಡಿ, ಬಿಡಿಭಾಗಗಳ ಅಂಗಡಿ, ಮಹಡಿಯ ಮೇಲೆ ಲಾಡ್ಜ್ ಇರುವ ಹಳೆಯ ಹೋಟೆಲು, ಇಂದಿನ ಸಂಚಾರಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಂಗಳವಿರುವ ಪೆಟ್ರೋಲ್ ಬಂಕು, ಇವೆಲ್ಲ ದೂರದ ವಾಹನಗಳನ್ನು ನೆಚ್ಚಿ ಹುಟ್ಟಿದ ವ್ಯಾಪಾರಗಳು. ಯಾವ ಕಟ್ಟಡ ರಸ್ತೆಯಿಂದ ಎಷ್ಟು ಹಿಂದೆ ಸರಿದಿದೆ ಎಂಬುದನ್ನು ಗಮನಿಸುತ್ತ ಹೋದರೆ, ಹೆದ್ದಾರಿಯಾಗಿದ್ದಾಗಿನ ಅಗಲದ ಅಂದಾಜು ಸಿಗುತ್ತದೆ. ಚಿತ್ರದುರ್ಗದಲ್ಲಿ ಇದೇ ಕೆಲಸವನ್ನು ಬಿ.ಡಿ. ರಸ್ತೆಯಲ್ಲಿ ಮಾಡಬೇಕು. ಅಲ್ಲಿನ ಚಳ್ಳಕೆರೆ ಟೋಲ್‌ಗೇಟ್‌ನಂಥ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಗೇಟು, ನಾಕಾ, ಸುಂಕದ ಕಟ್ಟೆ ಎಂಬ ಹೆಸರುಗಳು ರಸ್ತೆ ಊರೊಳಗೆ ಪ್ರವೇಶಿಸುತ್ತಿದ್ದ ಬಾಯಿಗಳನ್ನು ತೋರಿಸುತ್ತವೆ. ನಮ್ಮ ರಾಜ್ಯದಲ್ಲಿ ಆಕ್ಟ್ರಾಯ್, ಎಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ, 1979ರಲ್ಲಿ ರದ್ದಾದ ಮೇಲೆ ಇಂಥ ಕಟ್ಟೆಗಳ ಕೆಲಸ ತೀರಿತಾದರೂ ಹೆಸರುಗಳಿಗೆ ಸಾವು ಬರಲಿಲ್ಲ.

ಎರಡು ಜಿಲ್ಲಾ ಕೇಂದ್ರಗಳ ನಡುವಿನ ಸುಮಾರು 60 ಕಿಲೋಮೀಟರಿನಲ್ಲಿ ಭರಮಸಾಗರ, ಆನಗೋಡುಗಳಂಥ ಊರುಗಳ ಅಕ್ಕಪಕ್ಕವೇ ನಿಲ್ಲುವುದು ಲಾಭ. ಹೆದ್ದಾರಿಯಲ್ಲಿ ಅಲ್ಲ, ಸರ್ವಿಸ್ ರಸ್ತೆಯಲ್ಲಿ ವಾಹನ ನಿಲ್ಲಿಸಬೇಕು. ನಡುರಸ್ತೆಯ ವಿಭಜಕ ದಾಟುವ ಸಾಹಸವನ್ನು ಯಾರೂ ಮಾಡಕೂಡದು. ಆಚೆ ಬದಿಗೆ ಹೋಗಲು ಕೆಳಸೇತುವೆಯವರೆಗೆ ನಡೆಯುವುದೇ ಸರಿ.

ಇನ್ನು ಕಲ್ಲುಗಳ ವಿಚಾರ. ತೂಕ ಮತ್ತು ಅಳತೆಗಳ ಕಾಯ್ದೆ 1956ರಲ್ಲಿ ಬಂದ ಮೇಲೆ ಮೈಲಿಯ ಜಾಗಕ್ಕೆ ಕ್ರಮೇಣ ಕಿಲೋಮೀಟರು ಬಂದಿತು. ಆದ್ದರಿಂದ ಮೈಲಿಗಲ್ಲೊಂದು ಸಿಕ್ಕರೆ ಅದು ಆ ಬದಲಾವಣೆಗಿಂತ ಹಿಂದಿನದು. ಅಂಕಿಯಿಂದಲೇ ಅದನ್ನು ಪರೀಕ್ಷಿಸಬಹುದು. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರು, ಎಂದರೆ ಸುಮಾರು 125 ಮೈಲಿ. ದಾವಣಗೆರೆಗೆ ಸುಮಾರು 260 ಕಿಲೋಮೀಟರು, ಎಂದರೆ 160 ಮೈಲಿಯ ಆಸುಪಾಸು. ಈ ಎರಡು ಊರುಗಳ ನಡುವೆ ಬೆಂಗಳೂರಿನ ಹೆಸರಿನ ಜೊತೆಗೆ 140ರ ಹತ್ತಿರದ ಅಂಕಿಯಿರುವ ಕಲ್ಲು ಕಂಡರೆ ಅದು ಮೈಲಿಯದೇ ಹೊರತು ಕಿಲೋಮೀಟರಿನದಲ್ಲ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿನ ತಲೆಗೆ ಹಳದಿ, ರಾಜ್ಯ ಹೆದ್ದಾರಿಯದಕ್ಕೆ ಹಸಿರು ಬಣ್ಣ ಬಳಿಯುವುದು ನಿಯಮ. ಹಳದಿಯ ಮೇಲೆ ಬೇರೆ ಬಣ್ಣ ಬಳಿದಿದ್ದು ಅಂಚಿನಲ್ಲಿ ಹಳದಿ ಇಣುಕುತ್ತಿದ್ದರೆ ಆ ರಸ್ತೆಯ ದರ್ಜೆ ಬದಲಾಯಿತೆಂದು ತಿಳಿಯಬಹುದು. ಬಣ್ಣದ ಪದರಗಳ ಕೆಳಗೆ ಉಳಿಯಿಂದ ಕೆತ್ತಿದ ಅಂಕಿ ಅಡಗಿದ್ದರೆ ಬೆರಳಾಡಿಸಿ ನೋಡಬೇಕು, ಇಲ್ಲವೇ ಪಕ್ಕದಿಂದ ಟಾರ್ಚ್ ಹಿಡಿದು ಫೋಟೊ ತೆಗೆಯಬೇಕು. ತಂತಿಯ ಬ್ರಷ್ಷಿನಿಂದ ಉಜ್ಜುವುದು ಖಂಡಿತ ಬೇಡ.

ರಸ್ತೆಯಡಿ ನೀರು ಹಾಯಲು ಕಟ್ಟಿದ ಮೋರಿಗಳು ಕಲ್ಲುಗಳಿಗಿಂತಲೂ ಹೆಚ್ಚು ಹೇಳುತ್ತವೆ, ಆದರೆ ನೋಡುವವರು ಕಡಿಮೆ. ಪ್ರತಿ ಮೋರಿಯ ತಡೆಗೋಡೆಯ ಮೇಲೆ ಕಿಲೋಮೀಟರಿನ ಸಂಖ್ಯೆ, ಗೆರೆ, ಆ ಕಿಲೋಮೀಟರಿನಲ್ಲಿ ಎಷ್ಟನೆಯ ಮೋರಿ ಎಂಬ ಸಂಖ್ಯೆ ಬರೆದಿರುತ್ತದೆ. ಕಲ್ಲುಗಳೆಲ್ಲ ಮಾಯವಾದ ಕಡೆ ಈ ಬರಹದಿಂದಲೇ ಹಳೆಯ ರಸ್ತೆಯ ಅಳತೆಯನ್ನು ಮರಳಿ ಕಟ್ಟಬಹುದು. ನೀರಿಲ್ಲದಾಗ ಹಳ್ಳಕ್ಕಿಳಿದು ಮೋರಿಯ ಅಡಿಯಿಂದ ಮೇಲೆ ನೋಡಿ. ಒಂದೇ ಮೋರಿಯಲ್ಲಿ ಎರಡು ಮೂರು ಕಾಲಗಳು ಒತ್ತೊತ್ತಾಗಿ ಕಾಣುವುದುಂಟು: ನಡುವೆ ಗಾರೆಯಲ್ಲಿ ಕಟ್ಟಿದ ಕಮಾನು ಅಥವಾ ಉದ್ದನೆಯ ಕಲ್ಲು ಚಪ್ಪಡಿ, ಅದರ ಎರಡೂ ಪಕ್ಕಕ್ಕೆ ಕಾಂಕ್ರೀಟಿನ ಹಲಗೆ, ಕೊನೆಗೆ ಸಿಮೆಂಟಿನ ಕೊಳವೆ. ರಸ್ತೆಯನ್ನು ಅಗಲ ಮಾಡಿದಾಗಲೆಲ್ಲ ಮೋರಿಯನ್ನು ಒಡೆಯದೆ ಉದ್ದ ಮಾಡಿದ್ದರ ಗುರುತು ಅದು. ನಡುವಿನ ಹಳೆಯ ಭಾಗದ ಅಗಲವನ್ನು ಟೇಪಿನಿಂದ ಅಳೆದುಕೊಂಡರೆ ಮೂಲ ರಸ್ತೆ ಒಂದು ಗಾಡಿಯದೋ ಎರಡು ಗಾಡಿಯದೋ ಎಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಈಗಿನ ಲೆಕ್ಕದಲ್ಲಿ ಒಂಟಿ ಪಥಕ್ಕೆ 3.75 ಮೀಟರು, ಜೋಡಿ ಪಥಕ್ಕೆ 7 ಮೀಟರು ಡಾಂಬರು ಇರಬೇಕು. ಬಿಳಿಯಾಗಿ, ಉಗುರಿಗೆ ಪುಡಿಯಾಗುವುದು ಗಾರೆ. ಬೂದು ಬಣ್ಣದ್ದು, ಗಡಸಾದದ್ದು ಸಿಮೆಂಟು. ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಿ ಹಾವು, ಚೇಳುಗಳಿಲ್ಲವೆಂದು ಖಾತರಿ ಮಾಡಿಕೊಳ್ಳಬೇಕು.

ಸಾಲುಮರಗಳನ್ನು ಓದುವುದಕ್ಕೂ ಕ್ರಮವಿದೆ. ಹುಣಸೆ, ಬೇವು, ಆಲ, ಹೊಂಗೆಗಳು ಸಮ ಅಂತರದಲ್ಲಿ ನಿಂತಿದ್ದರೆ ಅವು ನೆಟ್ಟವು, ತಾನಾಗಿ ಹುಟ್ಟಿದವಲ್ಲ. ಎರಡೂ ಸಾಲು ಉಳಿದಿದ್ದರೆ ನಡುವಿನ ನೆಲವೇ ಹಳೆಯ ರಸ್ತೆ. ಒಂದೇ ಸಾಲು ಉಳಿದಿದ್ದರೆ ಇನ್ನೊಂದು ಅಗಲೀಕರಣದಲ್ಲಿ ಹೋಗಿರುತ್ತದೆ, ಮತ್ತು ಹೋದದ್ದು ಯಾವ ಬದಿಯದು ಎಂಬುದರಿಂದ ರಸ್ತೆ ಯಾವ ಕಡೆಗೆ ಸರಿಯಿತೆಂದು ತಿಳಿಯುತ್ತದೆ. ಕಾಂಡದ ಮೇಲೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ, ತಗಡಿನ ಬಿಲ್ಲೆ ಅಥವಾ ಇಲಾಖೆಯ ಸಂಖ್ಯೆ ಇದೆಯೇ ನೋಡಿ. ರಸ್ತೆಬದಿಯ ಹುಣಸೆಯ ಫಲವನ್ನು ವರ್ಷ ವರ್ಷ ಹರಾಜು ಹಾಕುತ್ತಿದ್ದ ಪದ್ಧತಿಯಿಂದಾಗಿ, ಹರಾಜು ಹಿಡಿದವರ ಮನೆಯವರಿಗೆ ಮರಗಳ ಸಾಲು ಎಲ್ಲಿಂದ ಎಲ್ಲಿಗೆ ಇತ್ತೆಂಬುದು ಬಾಯಿಪಾಠವಾಗಿರುತ್ತದೆ.

ಹಿರಿಯರನ್ನು ಕೇಳುವಾಗ ಪ್ರಶ್ನೆ ಸರಿಯಾಗಿರಬೇಕು. ‘ಹಳೇ ರಸ್ತೆ ಎಲ್ಲಿತ್ತು?’ ಎಂದರೆ ಹೆಚ್ಚಿನವರು ಊರಿನ ಯಾವುದೋ ಬಂಡಿಜಾಡನ್ನು ತೋರಿಸುತ್ತಾರೆ. ‘ಅಜ್ಜಾರೇ, ಮೊದಲು ದುರ್ಗದ ಬಸ್ಸು ಎಲ್ಲಿ ನಿಲ್ಲುತ್ತಿತ್ತು?’ ಎಂದು ಕೇಳಿದರೆ ಆ ಕಟ್ಟೆ, ಆ ಚಹಾದಂಗಡಿ, ಆ ಅರವಟ್ಟಿಗೆ ಎಲ್ಲವೂ ಒಂದೊಂದಾಗಿ ಹೊರಬರುತ್ತವೆ. ನಮ್ಮ ಸೀಮೆಯಲ್ಲಿ ನಿಧಿಯಾಸೆಗೆ ಕಲ್ಲು ಕೀಳುವವರ ಕಾಟ ಇರುವುದರಿಂದ, ಅಪರಿಚಿತರು ಹೊಲದಲ್ಲಿ ಕಲ್ಲುಗಳ ಸುತ್ತ ತಿರುಗುವುದನ್ನು ಕಂಡರೆ ಜನ ಸಂಶಯಪಡುವುದು ಸಹಜ. ಗುದ್ದಲಿ, ಹಾರೆಗಳನ್ನು ಒಯ್ಯಬೇಡಿ. ಮೊದಲು ಊರಿನಲ್ಲಿ ನಾಲ್ಕು ಜನರಿಗೆ ವಿಷಯ ತಿಳಿಸಿ, ಹೊಲದ ಯಜಮಾನರ ಒಪ್ಪಿಗೆ ಪಡೆದು, ಅವರನ್ನೂ ಜೊತೆಗೆ ಕರೆದುಕೊಂಡೇ ಹೋಗಿ. ವೀರಗಲ್ಲನ್ನು ಮೈಲಿಗಲ್ಲೆಂದು ತಿಳಿದು ಅದರ ಮೇಲೆ ಕೂರುವಂಥ ಪ್ರಮಾದ ಆಗಕೂಡದು.

ಇಡೀ ದಾರಿಯಲ್ಲಿ ಒಂದೇ ಒಂದು ಜಾಗವನ್ನು ನೋಡಲು ಬಿಡುವಿದ್ದರೆ ಹರಿಹರವನ್ನು ಆರಿಸಿಕೊಳ್ಳಿ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು ದೂರದ ಆ ಊರಿನಲ್ಲಿ ಬೆಂಗಳೂರು–ಧಾರವಾಡ ರಸ್ತೆಗೆಂದು ತುಂಗಭದ್ರೆಗೆ ಕಟ್ಟಿದ ಕಲ್ಲು ಇಟ್ಟಿಗೆಯ ಕಮಾನು ಸೇತುವೆ 1868ರಲ್ಲಿ ಮುಗಿಯಿತು. 60 ಅಡಿ ಅಗಲದ 14 ಕಮಾನುಗಳು ಅದರವು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಈ ನದಿಯ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹೀಗಾಗಿ ಸೇತುವೆಯ ಎರಡೂ ತುದಿಗಳಲ್ಲಿ ರಸ್ತೆಯ ಕಲ್ಲು, ಮೋರಿಗಳ ಕಟ್ಟಡ, ತಡೆಗೋಡೆಯ ಆಕಾರಗಳನ್ನು ಹೋಲಿಸಿ ನೋಡುವುದು ಅತ್ಯಂತ ಫಲಪ್ರದ. ಎರಡು ಸರ್ಕಾರಗಳ ಲೋಕೋಪಯೋಗಿ ಇಲಾಖೆಗಳು ಒಂದೇ ರಸ್ತೆಯನ್ನು ಬೇರೆ ಬೇರೆಯಾಗಿ ನೋಡಿಕೊಂಡಿದ್ದರ ಗುರುತುಗಳನ್ನು ಇಲ್ಲಿ ಅರಸಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ದಡದಿಂದ ಕಮಾನುಗಳ ಬುಡವನ್ನು ನೋಡಬಹುದು, ಮುಂಗಾರಿನಲ್ಲಿ ನದಿಗಿಳಿಯುವಂತಿಲ್ಲ.

ಕಂಡದ್ದನ್ನು ದಾಖಲಿಸುವುದು ಕಾಣುವುದರಷ್ಟೇ ಮುಖ್ಯ. ಪ್ರತಿ ಕುರುಹಿಗೂ ಮೊಬೈಲಿನ ಜಿಪಿಎಸ್ ಅಂಕಿ, ಹತ್ತಿರದ ಊರು, ಸರ್ವೆ ನಂಬರು, ನೋಡಿದ ದಿನಾಂಕ, ಅಳತೆಕೋಲಿನೊಂದಿಗೆ ಒಂದು ಫೋಟೊ, ಹಿಂದೆ ಸರಿದು ಸುತ್ತಲಿನ ನೆಲವೂ ಕಾಣುವಂತೆ ಇನ್ನೊಂದು ಫೋಟೊ ಇರಲಿ. ಕೇಳಿದ ಮಾತನ್ನೂ ಕಣ್ಣಾರೆ ಕಂಡದ್ದನ್ನೂ ಬೇರೆ ಬೇರೆ ಬರೆದಿಡಿ. ರಸ್ತೆ ಕಾಮಗಾರಿಯ ಯಂತ್ರ ಬಂದ ದಿನ ಮೈಲಿಗಲ್ಲು ಮಣ್ಣಿನ ರಾಶಿಯೊಂದಿಗೆ ಲಾರಿ ಹತ್ತಿಬಿಡುತ್ತದೆ. ಆದ್ದರಿಂದ ಅಗಲೀಕರಣದ ಗುರುತು ಹಾಕಿದ್ದು ಕಂಡ ಕೂಡಲೇ, ಫೋಟೊಗಳನ್ನು ಲಗತ್ತಿಸಿ ಲೋಕೋಪಯೋಗಿ ಇಲಾಖೆಯ ಉಪವಿಭಾಗಕ್ಕೂ ಗ್ರಾಮ ಪಂಚಾಯಿತಿಗೂ ಲಿಖಿತ ಮನವಿ ಕೊಟ್ಟು, ಕಲ್ಲನ್ನು ಪಂಚಾಯಿತಿಯ ಅಂಗಳಕ್ಕೋ ಶಾಲೆಯ ಆವರಣಕ್ಕೋ ಸ್ಥಳಾಂತರಿಸಬೇಕೆಂದು ಕೇಳಿ, ಮನವಿಗೆ ಸ್ವೀಕೃತಿ ಪಡೆದುಕೊಳ್ಳಿ. ಕಲ್ಲು ಮೊದಲಿದ್ದ ಜಾಗದ ಜಿಪಿಎಸ್ ಅಂಕಿಯನ್ನೂ ಆ ಮನವಿಯಲ್ಲಿಯೇ ಬರೆಯಿರಿ.